ರಾಜ್ಯಪಾಲರು ‘ಬರ್ತೀನಿ’ ಅಂದದ್ದು

ಬೆಳಗಿನ ಕಾಫಿ ಬರುವ ಮೊದಲೇ ಶೇಷಾದ್ರಿಯವರು ರಾಜಕೀಯಕ್ಕೆ ಮರಳಿಬಿಟ್ಟಿದ್ದರು. ಆ ಸಂಗತಿ ಗೊತ್ತಿಲ್ಲದೆ ಉಳಿದವರು ಅವರೊಬ್ಬರೇ. ಅಹಮದಾಬಾದಿನ ಸರ್ಕಿಟ್ ಹೌಸಿನ ಅಗಲವಾದ ಮಂಚದ ಅಂಚಿನಲ್ಲಿ ಕೂತು, ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು, ಇನ್ನೊಂದಕ್ಕೆ ಬಗ್ಗಲು ಮನಸ್ಸು ಬಾರದೆ ಬರಿಗಾಲನ್ನೇ ನೋಡುತ್ತಿದ್ದಾಗ ಎಡಿಸಿ ಕದ ತಟ್ಟಿ ಒಳಗೆ ಬಂದ. ಪಂಜಾಬಿನ ಹುಡುಗ, ಸೈನ್ಯದ ಕ್ಯಾಪ್ಟನ್, ರಾಜ್ಯಪಾಲರ ಬೆನ್ನಿಗೆ ನಿಂತು ನಿಂತು ಮುಖದಲ್ಲಿ ಏನನ್ನೂ ತೋರಿಸದಿರುವುದನ್ನು ಕಲಿತವನು. ಇವತ್ತು ತೋರಿಸುತ್ತಿದ್ದ. ಕೈಯಲ್ಲಿ ಇಂಗ್ಲಿಷ್ ಪೇಪರ್ ಇತ್ತು.

"ಸರ್, ಇದು ನೀವು ಹೇಳಿದ್ದೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಮುಖಪುಟದ ಕೆಳಗಡೆ ಅವರದೇ ಫೋಟೊ, ಬಾಯಿ ಅರ್ಧ ತೆರೆದದ್ದು. ಮೇಲೆ ದಪ್ಪ ಅಕ್ಷರಗಳಲ್ಲಿ, ‘ಪಕ್ಷಕ್ಕೆ ಕಿವಿಯಿರುವ ನಾಯಕ ಬೇಕು, ನಾನು ಬರುತ್ತಿದ್ದೇನೆ: ರಾಜ್ಯಪಾಲರ ಘೋಷಣೆ’ ಎಂದಿತ್ತು. ಶೇಷಾದ್ರಿಯವರು ಕನ್ನಡಕ ಹುಡುಕಿ ಹಾಕಿಕೊಂಡು ಇನ್ನೊಮ್ಮೆ ಓದಿದರು. ತಾನು ಬರುತ್ತಿರುವುದು ಎಲ್ಲಿಗೆ ಎಂಬುದೇ ಅವರಿಗೆ ಹೊಳೆಯಲಿಲ್ಲ.

ರಾಜ್ಯಪಾಲ ಅಂದರೆ ಪಕ್ಷವಿಲ್ಲದ ಮನುಷ್ಯ. ಕಾಗದದ ಮೇಲಂತೂ ಹಾಗೆ. ಐದು ವರ್ಷದ ಹಿಂದೆ ಈಶಾನ್ಯದ ಮೂಲೆಯ ಒಂದು ಸಣ್ಣ ರಾಜ್ಯಕ್ಕೆ ಅವರನ್ನು ಕಳಿಸುವಾಗ ಪಕ್ಷದ ದೊಡ್ಡವರು ಹಾರ ಹಾಕಿ, ಬೆನ್ನು ತಟ್ಟಿ, ಇಷ್ಟು ದಿನ ದುಡಿದಿರಿ, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಅಂದಿದ್ದರು. ಹಳೇ ಪಾತ್ರೆಯನ್ನು ಅಟ್ಟಕ್ಕೆ ಹಾಕುವವರೂ ಒಮ್ಮೆ ಒರೆಸಿಯೇ ಹಾಕುತ್ತಾರೆ. ಅಲ್ಲಿಂದ ಮುಂದೆ ಅವರ ಕೆಲಸವೆಂದರೆ ರಿಬ್ಬನ್ ಕತ್ತರಿಸುವುದು, ಬೇರೆಯವರು ಬರೆದ ಭಾಷಣ ಓದುವುದು, ಘನತೆವೆತ್ತ ಅನ್ನಿಸಿಕೊಳ್ಳುವುದು. ಮಾರ್ಚಿಗೆ ಅವಧಿ ಮುಗಿಯುತ್ತಿತ್ತು. ಮುಂದುವರಿಸುತ್ತೇವೆ ಎಂದು ಯಾರೂ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಕೇಳಲು ಇವರಿಗೂ ಸುಸ್ತು.

ಗುಜರಾತಿಗೆ ಬಂದದ್ದು ಮೂರು ಊರುಗಳ ಭಾಷಣಕ್ಕೆ. ನಿನ್ನೆ ಇಲ್ಲೇ ವಸ್ತ್ರಾಪುರದ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ನಾಯಕತ್ವದ ಬಗ್ಗೆ, ಇವತ್ತು ವಡೋದರಾದ ವಿದ್ಯಾರ್ಥಿಗಳಿಗೆ, ನಾಳೆ ಸೂರತ್‌ನ ಬಟ್ಟೆ ವ್ಯಾಪಾರಿಗಳಿಗೆ. ಮೂರೂ ಕಡೆಗೆ ಕಾರ್ಯದರ್ಶಿ ಬರೆದುಕೊಟ್ಟದ್ದು ಒಂದೇ ಭಾಷಣ, ಊರಿನ ಹೆಸರು ಮಾತ್ರ ಬೇರೆ. ನಿನ್ನೆ ಅದನ್ನು ಓದುವಾಗ ನಾಲ್ಕನೇ ಪುಟ ಎರಡು ಸಲ ಬಂದಿತ್ತು. ಎರಡು ಸಲವೂ ಓದಿದರು, ಎರಡು ಸಲವೂ ಹುಡುಗರು ಚಪ್ಪಾಳೆ ತಟ್ಟಿದರು.

ಎಡವಟ್ಟಾದದ್ದು ಅಲ್ಲಲ್ಲ. ಸಂಜೆ, ವಸ್ತ್ರಾಪುರದ ಕೆರೆಯ ಹತ್ತಿರ ರಘುರಾಮ ಭಟ್ಟರ ಉಡುಪಿ ಹೋಟೆಲಿನ ಮಹಡಿಯಲ್ಲಿ ಊರಿನ ಕನ್ನಡಿಗರು ಒಂದು ಚಿಕ್ಕ ಸನ್ಮಾನ ಇಟ್ಟುಕೊಂಡಿದ್ದರು. ನರೋಡಾದ ಇಂಜಿನಿಯರುಗಳು, ವಟ್ವಾದ ಬಣ್ಣದ ಕಾರ್ಖಾನೆಯ ಕೆಮಿಸ್ಟ್ ಹುಡುಗರು, ಕಾಲೇಜಿನವರು, ಮಲ್ಲಿಗೆ ಸಿಗದೆ ಚೆಂಡುಹೂ ಮುಡಿದ ಹೆಂಗಸರು. ಮೊದಲು ಕೆಳಗೆ ಎಲ್ಲರ ಜೊತೆ ತಿಂಡಿ. ಶೇಷಾದ್ರಿಯವರು ಇಡ್ಲಿ ಮುರಿಯುತ್ತ, ಸುಮ್ಮನೆ ಮಾತಿಗೆ, "ಇದು ಎಷ್ಟು ಭಟ್ರೇ, ಐದು ರೂಪಾಯಿ ಇರಬಹುದಾ?" ಅಂದರು. ಪಕ್ಕದ ಟೇಬಲಿನಲ್ಲಿದ್ದ ವಟ್ವಾದ ಹುಡುಗರು ಕಿಸಕ್ಕನೆ ನಕ್ಕುಬಿಟ್ಟರು. ಭಟ್ಟರು ಸಂಕೋಚದಿಂದ ಮುದುಡಿ, "ಹದಿನೈದು ಸರ್. ಎಂತ ಮಾಡುದು, ಉದ್ದಿನಬೇಳೆ ರೇಟು ಹಾಗುಂಟು," ಅಂದರು.

ಆ ನಗು ಶೇಷಾದ್ರಿಯವರಿಗೆ ಚುರ್ರೆಂದಿತು. ಒಂದು ಕಾಲದಲ್ಲಿ ಅವರು ಆಹಾರ ಮಂತ್ರಿ. ಭಾನುವಾರ ಬೆಳಿಗ್ಗೆ ಪೊಲೀಸರನ್ನು ಮನೆಯಲ್ಲೇ ಬಿಟ್ಟು, ಕೈಚೀಲ ಹಿಡಿದು ಮಾರ್ಕೆಟ್ಟಿಗೆ ಹೋಗಿ ಚೌಕಾಸಿ ಮಾಡಿ ತರಕಾರಿ ತರುತ್ತಿದ್ದವರು. ಚೀಲದ ಮಂತ್ರಿ ಎಂದು ಊರೆಲ್ಲ ಕರೆಯುತ್ತಿತ್ತು. ಆ ಹೆಸರಿನ ಮೇಲೇ ಮೂರು ಚುನಾವಣೆ ಗೆದ್ದಿದ್ದರು. ಅಂಥವರಿಗೆ ಈಗ ಇಡ್ಲಿಯ ಬೆಲೆ ಗೊತ್ತಿಲ್ಲ.

ಮಹಡಿ ಹತ್ತಿ ಮೈಕಿನ ಮುಂದೆ ನಿಂತಾಗ ಜೇಬಿನ ಭಾಷಣ ಜೇಬಿನಲ್ಲೇ ಉಳಿಯಿತು. ಎಷ್ಟೋ ತಿಂಗಳ ಮೇಲೆ ಕನ್ನಡ ಬಾಯಿಗೆ ಬಂದಿತ್ತು, ಎಡಿಸಿಗೆ ಅದು ಅರ್ಥವಾಗುವುದಿಲ್ಲ ಎಂಬ ಧೈರ್ಯವೂ ಇತ್ತು. "ಐದು ವರ್ಷದಿಂದ ನಾನೊಂದು ಬೆಂಕಿಪೊಟ್ಟಣ ಕೊಂಡಿಲ್ಲ ಕಣ್ರಪ್ಪ. ಇಡ್ಲಿ ರೇಟು ಕೇಳಿ ನಗೆಪಾಟಲಾದೆ. ನಮ್ಮ ಪಕ್ಷಾನೂ ಹಿಂಗೇ ಆಗಿದೆ. ನಾಯಕರ ಮನೆಗೆ ಅಕ್ಕಿ ತರೋರು ಯಾರೋ, ಬೇಯ್ಸೋರು ಯಾರೋ, ಬೆಲೆ ಏರಿಕೆ ಮೇಲೆ ಭಾಷಣ ಬರೆಯೋರು ಇನ್ಯಾರೋ. ಸಂಬಳದಲ್ಲಿ ಸಂಸಾರ ತೂಗಿಸೋರ ಕಷ್ಟ ತಿಳೀದೋರು ಏನು ನಾಯಕರು? ಮೇಲೆ ಕೂತೋರಿಗೆಲ್ಲ ಬಾಯಿದೆ, ಕಿವಿ ಇಲ್ಲ. ಹಿಂಗೇ ಇದ್ರೆ ಪಕ್ಷ ಉಳಿಯಲ್ಲ. ಇವತ್ತು ಬೇಕಾಗಿರೋದು ಕಿವಿ ಇರೋ ನಾಯಕ." ನಮ್ಮ ಪಕ್ಷ ಅನ್ನಬಾರದಿತ್ತು ಎಂಬುದು ಅಷ್ಟು ಹೊತ್ತಿಗೆ ಅವರ ತಲೆಗೆ ಬಂತು. ಮೈಕನ್ನು ದೂರ ಸರಿಸುತ್ತ, "ಹೂಂ, ಸಾಕು. ನಾನಿನ್ನು ಬರ್ತೀನಿ," ಎಂದು ಕೈ ಮುಗಿದರು.

ಅಷ್ಟೇ ಆದದ್ದು. ಮೈಸೂರು ಕಡೆಯವರು ಹೊರಡುವಾಗ ಹೋಗ್ತೀನಿ ಅನ್ನುವುದಿಲ್ಲ. ಅದು ಅಪಶಕುನ, ಸಾಯಲು ಹೊರಟವರ ಮಾತು. ಬರ್ತೀನಿ ಅಂತಲೇ ಹೇಳಿ ಮೆಟ್ಟಿಲಿಳಿಯುತ್ತಾರೆ. ಆ ಒಂದು ಬರ್ತೀನಿ ಇಂಗ್ಲಿಷಿಗೆ ಹೋಗಿ, ಪೇಪರಿಗೆ ಹೋಗಿ, ಬೆಳಗಾಗುವಷ್ಟರಲ್ಲಿ ಟೀವಿಗೂ ಹೋಗಿತ್ತು.

ಮೊದಲು ಫೋನು ಮಾಡಿದವನು ಗುಂಡಪ್ಪ. ಮಗಳು ಕೊಡಿಸಿದ್ದ ಮೊಬೈಲನ್ನು ಮಂದಾಕಿನಿ ಸೀರೆ ಮಡಿಸುವುದನ್ನು ಬಿಟ್ಟು ತಂದು ಗಂಡನ ಕೈಗೆ ಕೊಟ್ಟರು. ಗುಂಡಪ್ಪ ಶೇಷಾದ್ರಿಯವರ ಸ್ವಂತ ತಾಲೂಕಿನವನು, ಮೊದಲ ಚುನಾವಣೆಯಿಂದ ಪಕ್ಷದ ಬಾವುಟ ಹೊತ್ತವನು. ಈಗ ಅಲ್ಲಿ ಪಕ್ಷ ಅಂತ ಉಳಿದಿದ್ದರೆ ಅದು ಅವನು, ಮತ್ತು ಅವನ ಮಾತು ಕೇಳುವ ಒಂದಿಷ್ಟು ಜನ.

"ಬುದ್ದೀ, ಟೀವೀಲಿ ನೋಡ್ದೆ! ಬತ್ತೀರಂತಲ್ಲ! ಹೋದ ಜೀವ ಬಂದಂಗಾಯ್ತು ಕಣ್ ಬುದ್ದಿ," ಎಂದ. ಅಳುತ್ತಿದ್ದಾನೆಂದು ಗೊತ್ತಾಗುತ್ತಿತ್ತು. "ನಿಮ್ಗೆ ಹೇಳಿರ್ನಿಲ್ಲ, ಹೇಳಕ್ಕೆ ಮಕ ಇರ್ನಿಲ್ಲ. ಇವತ್ತು ಮದ್ಯಾನ ನಾನೂ ನಮ್ ಹುಡುಗ್ರೂ ಆ ಕಡೆ ಪಾರ್ಟಿ ಸೇರೋದಿತ್ತು. ನಮ್ ಸೊಸೆ ಶಕುಂತಲಂಗೆ ಜಿಲ್ಲಾ ಪಂಚಾಯ್ತಿ ಟಿಕೇಟು ಕೊಡ್ತೀವಿ ಅಂದವ್ರೆ. ಶಾಮಿಯಾನ ಎಲ್ಲ ಹಾಕವ್ರೆ. ಈಗ ನೀವೇ ಬತ್ತೀರಿ ಅಂದ್ಮೇಲೆ ಅದೆಲ್ಲ ಯಾಕೆ? ನಾವ್ ಬರಕಿಲ್ಲ ಅಂತ ಹೇಳ್ಬರಕ್ಕೆ ಈಗ್ಲೇ ಹೊರಟಿವ್ನಿ."

ಶೇಷಾದ್ರಿಯವರು ಪೇಪರನ್ನು ಮಂಚದ ಮೇಲಿಟ್ಟರು. "ಸ್ವಲ್ಪ ತಡಿ ಗುಂಡಪ್ಪ. ನಾನೇ ಫೋನ್ ಮಾಡ್ತೀನಿ, ಅಲ್ಲೀವರೆಗೂ ಎಲ್ಲೂ ಹೋಗ್ಬೇಡ. ಇಡ್ತೀನಿ."

"ಏನಂತೆ?" ಎಂದರು ಮಂದಾಕಿನಿ.

"ನಾನು ಬರ್ತೀನಂತೆ."

ಪೇಪರು ನೋಡಿ ಮಂದಾಕಿನಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಅಯ್ಯೋ ರಾಮ! ನಲವತ್ತು ವರ್ಷದಿಂದ ದಿನಾ ಬಾಗಿಲಲ್ಲಿ ನಿಂತು ಬರ್ತೀನಿ ಅಂತ ಹೇಳಿ ಹೋಗೋರು ನೀವು. ಎಲ್ಲಿಗೆ, ಯಾವಾಗ ಅಂತ ನಾನೇ ಯಾವತ್ತೂ ಕೇಳ್ಲಿಲ್ಲ. ಇವರು ಪೇಪರಲ್ಲಿ ಹಾಕ್ಬಿಟ್ರಲ್ಲ." ನಗು ಮುಗಿಸಿ ಗಂಡನ ಮುಖ ನೋಡಿದರು. ಅವರು ಉಳಿದ ಕಾಲುಚೀಲವನ್ನು ಯಾವಾಗಲೋ ಹಾಕಿಕೊಂಡಿದ್ದರು. ಬೆನ್ನು ನೆಟ್ಟಗಾಗಿತ್ತು.

"ರೀ, ನಿಮಗೆ ಆಸೆ ಆಗ್ತಿದೆ."

"ಆಗ್ತಿದೆ ಕಣೆ," ಎಂದರು ಶೇಷಾದ್ರಿ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. ಬೇಡವಾದ ಮನುಷ್ಯ ತಾನು ಎಂದು ಐದು ವರ್ಷದಿಂದ ಒಪ್ಪಿಕೊಂಡು ಕೂತಿದ್ದವರಿಗೆ, ಎಲ್ಲೋ ಒಬ್ಬ ತಮಗಾಗಿ ಅಳುತ್ತಿದ್ದಾನೆ ಎಂದು ತಿಳಿದು ಹೊಟ್ಟೆಯೊಳಗೆ ಏನೋ ಬೆಚ್ಚಗಾಗಿತ್ತು. ಯಾಕಾಗಬಾರದು? ಮಾರ್ಚಿಗೆ ಬಿಡುಗಡೆ. ಎಪ್ಪತ್ತೊಂದು ಅದೇನು ಮಹಾ ವಯಸ್ಸು, ಎಂಬತ್ತರವರೂ ಗೂಟ ಹೊಡೆದುಕೊಂಡು ಕೂತಿಲ್ಲವೇ? ತಪ್ಪು ಸುದ್ದಿಯನ್ನು ತಿದ್ದದೆ ಸುಮ್ಮನಿದ್ದರೆ ಸಾಕು, ಅದೇ ನಿಜವಾಗಿಬಿಡಬಹುದು.

ಮಂದಾಕಿನಿ ಮತ್ತೆ ಸೀರೆ ಮಡಿಸಲು ಶುರು ಮಾಡಿದರು. "ನನಗಂತೂ ಈ ಸರ್ಕಾರಿ ಸೋಫಾ ಮೇಲೆ ಕೂತು ಕೂತು ಸಾಕಾಗಿದೆ. ಹೋಗೋದಾದ್ರೆ ಹೋಗಿ. ಆದ್ರೆ ನಿಮ್ಮನ್ನ ಕರೆದೋರು ಯಾರು ಅಂತ ಒಂದ್ಸಲ ನೋಡ್ಕೊಳ್ಳಿ," ಅಂದರು.

ಅದಕ್ಕೆ ಉತ್ತರ ದಿಲ್ಲಿಯಿಂದಲೇ ಬಂತು. ಪಕ್ಷದ ಕಚೇರಿಯಿಂದ ಪ್ರಮೋದ್. ಹಿಂದೆ ಶೇಷಾದ್ರಿಯವರ ಬ್ಯಾಗು ಹಿಡಿದು ಓಡಾಡಿಕೊಂಡಿದ್ದ ಹುಡುಗ, ಈಗ ದೊಡ್ಡವರ ಪಕ್ಕದ ಕೋಣೆಯಲ್ಲಿ ಕೂರುವ ಪ್ರಧಾನ ಕಾರ್ಯದರ್ಶಿ. ಬೈಯುತ್ತಾನೆ ಎಂದುಕೊಂಡು ಶೇಷಾದ್ರಿಯವರು ಮಾತು ಜೋಡಿಸಿಟ್ಟುಕೊಂಡರು. ಅವನು ನಗುತ್ತಿದ್ದ.

"ನಮಸ್ಕಾರ ಸರ್. ಏನ್ ಸರ್ ಇದು, ಬೆಳಿಗ್ಗೆ ಬೆಳಿಗ್ಗೆ ಎಲ್ಲರನ್ನೂ ಗಾಬರಿ ಮಾಡ್ಬಿಟ್ರಿ! ನಾನೇ ಹೇಳ್ದೆ, ನಮ್ಮ ಕಡೆ ಹೊರಡುವಾಗ ಬರ್ತೀನಿ ಅಂತೀವಿ, ಯಾರೋ ತಪ್ಪು ತಿಳ್ಕೊಂಡು ಬರೆದಿದಾರೆ ಅಂತ. ಹೌದು ತಾನೆ?"

"ಹೌದು."

"ನಂಗೊತ್ತಿತ್ತು! ಎಲ್ಲ ಬಿದ್ದು ಬಿದ್ದು ನಕ್ರು. ಒಂದು ಸ್ಪಷ್ಟನೆ ಕೊಟ್ಬಿಡಿ ಸರ್, ಸಾಕು. ಇಲ್ಲಿ ಯಾರೂ ಸೀರಿಯಸ್ಸಾಗಿ ತೊಗೊಂಡಿಲ್ಲ, ನೀವು ಟೆನ್ಷನ್ ಮಾಡ್ಕೋಬೇಡಿ."

"ಪ್ರಮೋದ, ಅದರಲ್ಲಿ ಬೆಲೆ ಏರಿಕೆ ವಿಷಯ ಹೇಳಿದ್ದೆ. ಪಕ್ಷ ಯಾಕೆ ಹಿಂಗಾಯ್ತು ಅಂತ. ಅದನ್ನ ಓದಿದ್ರಾ ಯಾರಾದ್ರೂ?"

"ಅದಾ? ಇನ್ನೂ ಇಲ್ಲ ಸರ್. ಕಟಿಂಗ್ ತೆಗೆಸಿಟ್ಟಿದೀನಿ. ಖಂಡಿತ ಓದ್ತೀನಿ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಶೇಷಾದ್ರಿಯವರು ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಕಾಫಿ ಬೇಡವೆಂದು ಹೇಳಿ, ಕಿಟಕಿಯ ಹತ್ತಿರ ಹೋಗಿ ನಿಂತರು. ಸಂಕ್ರಾಂತಿ ಮುಗಿದು ವಾರವಾಗಿತ್ತು. ಎದುರಿನ ಬೇವಿನ ಮರದ ತುಂಬ ಹಬ್ಬಕ್ಕೆ ಊರೆಲ್ಲ ಹಾರಿಸಿ ಹರಿದ ಗಾಳಿಪಟಗಳು ಸಿಕ್ಕಿಕೊಂಡಿದ್ದವು, ತೆಗೆಯುವವರು ಯಾರೂ ಇರಲಿಲ್ಲ. ಮೈಯೊಳಗೆ ಬೆಚ್ಚಗಿದ್ದದ್ದು ಆರಿಹೋಗಿ, ಬರೀ ದಣಿವು ಉಳಿದಿತ್ತು.

ವಡೋದರಾಕ್ಕೆ ಹೊರಡುವ ಮೊದಲು ಭಟ್ಟರ ಹೋಟೆಲಿನಲ್ಲೇ ತಿಂಡಿ ಎಂದು ನಿನ್ನೆಯೇ ಮಾತಾಗಿತ್ತು. ಪೈಲಟ್ ಜೀಪು ಕೂಗುತ್ತ ವಸ್ತ್ರಾಪುರಕ್ಕೆ ಬಂದು ನಿಂತಾಗ ರಘುರಾಮ ಭಟ್ಟರು, ಅವರ ಹೆಂಡತಿ ಜಯಂತಿ, ಮಗಳು ನಿಶ್ಚಿತಾ ಮೂವರೂ ಬಾಗಿಲಲ್ಲೇ ನಿಂತಿದ್ದರು. ಮೂವರ ಮುಖದಲ್ಲೂ ಸಾವಿನ ಮನೆಯ ಕಳೆ. ಶೇಷಾದ್ರಿಯವರು ಕೂರುವುದಕ್ಕೂ ಬಿಡದೆ ಭಟ್ಟರು ಶುರು ಮಾಡಿದರು.

"ಸರ್, ದೊಡ್ಡ ತಪ್ಪಾಯ್ತು. ಪೇಪರಿಗೆ ಬರ್ದದ್ದು ನಮ್ಮ ಹುಡುಗಿಯೇ. ಟ್ರೈನಿ ಅಂತ ಸೇರಿ ಮೂರು ತಿಂಗಳಾಯ್ತಷ್ಟೆ. ಇವ್ಳಿಗೆ ಕನ್ನಡ ಸರಿ ಕಲಿಸದೆ ಇದ್ದದ್ದು ನಮ್ದೇ ತಪ್ಪು. ಹೋಟ್ಲು ಹೋಟ್ಲು ಅಂತ ಹೇಳಿ ಮನೆ ಕಡೆ ನೋಡ್ಲೇ ಇಲ್ಲ."

ಹುಡುಗಿಯ ಕಣ್ಣು ಅತ್ತು ಕೆಂಪಾಗಿತ್ತು, ಆದರೂ ವಾದ ಬಿಡುವ ಜಾತಿಯವಳಲ್ಲ. "ಸಾರಿ ಸರ್. ಬಟ್ ಪಪ್ಪಾ ಡೈಲಿ ‘ಹೋಗಿ ಬರ್ತೇನೆ’ ಅಂತಾರೆ. ಅದು ನಂಗೆ ಗೊತ್ತು. ನೀವು ‘ಹೋಗಿ’ ಹೇಳ್ಲೇ ಇಲ್ಲ. ಓನ್ಲಿ ‘ಬರ್ತೀನಿ’. ಅದ್ಕೆ ಮುಂಚೆ ಲೀಡರ್ ಬೇಕು ಅಂದ್ರಿ. ಮತ್ತೆ ನಾನೇನ್ ತಿಳೀಲಿ?"

"ನಿಶ್ಚಿತಾ!" ಎಂದು ಗದರಿದರು ಜಯಂತಿ.

ಶೇಷಾದ್ರಿಯವರಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು. "ಬೈಬೇಡಿ, ಸರಿಯಾಗೇ ಕೇಳ್ತಿದಾಳೆ. ಅಲ್ಲಮ್ಮಾ, ಗುಜರಾತಿಯಲ್ಲಿ ಹೊರಟೋರಿಗೆ ಏನಂತೀರಿ?"

"ಆವ್ಜೋ."

"ಹಂಗಂದ್ರೆ?"

"ಬನ್ನಿ ಅಂತ..." ಎಂದವಳು ಅರ್ಧಕ್ಕೆ ನಿಂತು, ಹಣೆ ಚಚ್ಚಿಕೊಂಡಳು. "ಹೇ ಭಗವಾನ್. ಸೇಮ್ ಥಿಂಗ್!"

"ಸೇಮೇ. ಉಳಿದದ್ದೆಲ್ಲ ಸರಿಯಾಗಿ ಬರೆದಿದೀಯ. ಇಡ್ಲಿ ವಿಷಯ, ಕಿವಿ ವಿಷಯ, ಒಂದೂ ಬಿಟ್ಟಿಲ್ಲ. ಅಷ್ಟನ್ನ ಕೂತು ಕೇಳಿದೋಳು ನೀನೊಬ್ಬಳೇ ಅನ್ಸುತ್ತೆ. ನಿಮ್ಮ ಎಡಿಟರಿಗೆ ನಾನೇ ಹೇಳ್ತೀನಿ, ನಾನು ಗೊಂದಲವಾಗಿ ಮಾತಾಡಿದೆ, ಹುಡುಗಿ ತಪ್ಪಲ್ಲ ಅಂತ."

ನಿಶ್ಚಿತಾ ಮೂಗೊರೆಸಿಕೊಂಡು ಪೆನ್ನು ತೆಗೆದಳು. "ಥ್ಯಾಂಕ್ಯೂ ಸರ್. ಹಾಗಾದ್ರೆ ಕರೆಕ್ಷನ್‌ನಲ್ಲಿ ಏನ್ ಹಾಕ್ಲಿ? ನೀವು ಪಾಲಿಟಿಕ್ಸಿಗೆ ಬರಲ್ಲ ಅಂತಾನಾ? ಯೆಸ್ ಆರ್ ನೋ?"

ಇಷ್ಟು ನೇರವಾಗಿ ಅವರನ್ನು ಯಾರೂ ಕೇಳಿರಲಿಲ್ಲ. ಪಕ್ಷ ಕೇಳಿರಲಿಲ್ಲ, ಅವರೇ ತಮ್ಮನ್ನು ಕೇಳಿಕೊಂಡಿರಲಿಲ್ಲ. ಗೋಡೆಯ ಗಡಿಯಾರ ಹತ್ತು ದಾಟಿತ್ತು. ಅಲ್ಲಿ ಶಾಮಿಯಾನದ ಕೆಳಗೆ ಕುರ್ಚಿ ಹಾಕುತ್ತಿರಬಹುದು, ಗುಂಡಪ್ಪ ಚಪ್ಪಲಿ ಮೆಟ್ಟಿಕೊಂಡು ಫೋನಿನ ಪಕ್ಕ ನಿಂತಿರಬಹುದು. ಇನ್ನೂ ಸುಮ್ಮನಿದ್ದರೆ ಗುಂಡಪ್ಪ ಉಳಿಯುತ್ತಾನೆ, ಅವನ ಸೊಸೆಯ ಟಿಕೇಟು ಹೋಗುತ್ತದೆ. ಬರಲ್ಲ ಅಂದರೆ ಅವನು ಹೋಗುತ್ತಾನೆ, ಅವನ ಜೊತೆ ಆ ತಾಲೂಕಿನಲ್ಲಿ ಪಕ್ಷವೇ ಹೋಗುತ್ತದೆ. ತನ್ನ ಸುಖಕ್ಕೆ ಒಬ್ಬ ನಂಬಿದವನನ್ನು ಕಟ್ಟಿಹಾಕುವುದು ಎಂಥ ನಾಯಕತ್ವ?

"ಒಂದ್ನಿಮಿಷ ಇರಮ್ಮ," ಎಂದು ಹೆಂಡತಿಯ ಕಡೆ ಕೈ ಚಾಚಿದರು. ಮಂದಾಕಿನಿ ಮೊದಲೇ ನಂಬರು ಒತ್ತಿ ಹಿಡಿದಿದ್ದರು.

"ಗುಂಡಪ್ಪ, ಹೇಳಿ ಬಂದ್ಬಿಟ್ಯಾ?"

"ಇಲ್ಲ ಬುದ್ದಿ. ನೀವ್ ತಡಿ ಅಂದ್ರಲ್ಲ, ತಡ್ಕಂಡಿವ್ನಿ."

"ಹೇಳೋಕೆ ಹೋಗ್ಬೇಡ. ನಾನು ಬರಲ್ಲ."

ಆ ಕಡೆ ಎಲ್ಲೋ ಲೌಡ್‌ಸ್ಪೀಕರಿನವನು ಹಲೋ ಹಲೋ ಎಂದು ಪರೀಕ್ಷೆ ಮಾಡುತ್ತಿದ್ದುದು ಕೇಳಿಸಿತು. "ಬತ್ತೀನಿ ಅಂದ್ರಂತಲ್ಲ ಬುದ್ದಿ?"

"ಅಂದೆ. ಭಾಷಣ ಮುಗಿಸಿ ಹೊರಡುವಾಗ ಅಂದದ್ದು ಗುಂಡಪ್ಪ."

ಗುಂಡಪ್ಪನಿಗೆ ವ್ಯಾಕರಣ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. "ಓ," ಎಂದ. ಆಮೇಲೆ, "ಆ ಬತ್ತೀನಾ," ಎಂದ.

ಶೇಷಾದ್ರಿಯವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ನೀನು ಆ ಕಡೆ ಸೇರ್ಕೋ. ಶಕುಂತಲಾ ಓದಿದ ಹುಡುಗಿ, ಗೆಲ್ತಾಳೆ. ಅಕ್ಕಿ ಬೇಳೆ ರೇಟು ತಿಳ್ಕೊಂಡಿರು ಅಂತ ಅವಳಿಗೆ ಹೇಳು. ನನ್ನ ಮೇಲೆ ಬೇಜಾರು ಬೇಡ. ಹೋಗಿ ಬಾ."

"ಹೋದ್ಮೇಕೆ ಇನ್ ಬರೋದೆಲ್ಲಿ ಬುದ್ದಿ," ಎಂದ ಗುಂಡಪ್ಪ. ಸಿಟ್ಟಿರಲಿಲ್ಲ. "ನೀವೇ ಕಳಿಸ್ಕೊಟ್ರಿ ಅಂದ್ಕತೀನಿ. ಮನಸ್ಗೆ ಸಮಾಧಾನ. ಇಡ್ಲಾ?"

"ಇಡು."

ಫೋನು ಇಟ್ಟರು. ನಿಶ್ಚಿತಾ ಪೆನ್ನಿನ ಮುಚ್ಚಳ ಹಾಕಿದಳು, ಅವಳಿಗೆ ಉತ್ತರ ಸಿಕ್ಕಿತ್ತು. ಭಟ್ಟರು ಇಡ್ಲಿ ತರಿಸಿದರು. ಶೇಷಾದ್ರಿಯವರು ಒಂದನ್ನು ಪೂರ್ತಿ ತಿಂದು, ಚಟ್ನಿ ಚೆನ್ನಾಗಿದೆ ಎಂದು ಹೊಗಳಿದರು. ಎಡಿಸಿ ಕೈಗಡಿಯಾರ ನೋಡಿಕೊಂಡು, ವಡೋದರಾದಲ್ಲಿ ಕಾಯುತ್ತಿದ್ದಾರೆ ಸರ್, ಎಂದು ಪಿಸುಗುಟ್ಟಿದ. ಕೈ ತೊಳೆದು ಎಲ್ಲರೂ ಹೊರಗೆ ಬಂದರು. ಮಂದಾಕಿನಿ ಮಂಡಿ ಹಿಡಿದುಕೊಂಡು ಮೊದಲೇ ಹೋಗಿ ಕಾರಿನಲ್ಲಿ ಕೂತರು. ಪೈಲಟ್ ಜೀಪಿನವರು ಇಂಜಿನ್ ಶುರು ಮಾಡಿದರು. ಭಟ್ಟರು, ಜಯಂತಿ, ಹುಡುಗಿ ಕೈ ಮುಗಿದು ಮೆಟ್ಟಿಲ ಮೇಲೆ ನಿಂತರು.

ಕಾರಿನ ಬಾಗಿಲು ಹಿಡಿದು ಶೇಷಾದ್ರಿಯವರು ತಿರುಗಿದರು. ಬಾಯಿಗೆ ಅದೇ ಮಾತು ಬಂದಿತ್ತು, ಎಪ್ಪತ್ತು ವರ್ಷದ ಅಭ್ಯಾಸ. ನಿಶ್ಚಿತಾ ಅವರ ತುಟಿಯನ್ನೇ ನೋಡುತ್ತಿದ್ದಳು. ಇನ್ನೊಂದು ಸಲ ಯಾರಿಗೂ ಅನುಮಾನ ಬರಬಾರದು ಅನ್ನಿಸಿತು.

"ಹೋಗ್ತೀನಿ," ಅಂದರು.

"ಅಯ್ಯೋ ದೇವ್ರೇ!" ಜಯಂತಿ ದಡದಡ ಮೆಟ್ಟಿಲಿಳಿದು ಬಂದರು. ಪೊಲೀಸಿನವನು ಅಡ್ಡ ಬರುವಷ್ಟರಲ್ಲಿ ರಾಜ್ಯಪಾಲರ ಮೊಣಕೈ ಹಿಡಿದುಬಿಟ್ಟಿದ್ದರು. "ಎಂತ ಮಾತದು ಸರ್! ನಮ್ಮ ಬಾಗಿಲಲ್ಲಿ ನಿಂತು ಹಾಗೆ ಹೇಳ್ತಾರಾ? ಬನ್ನಿ, ಒಳಗೆ ಬನ್ನಿ. ಕೂತು ನೀರು ಕುಡಿದು, ಸರಿ ಮಾಡಿ ಹೇಳಿ ಹೊರಡಿ. ಹೀಗೆ ನಾನು ಕಳ್ಸುದಿಲ್ಲ."

ಯಾವ ಶಿಷ್ಟಾಚಾರದ ಪುಸ್ತಕದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಎಡಿಸಿ ವಾಕಿಟಾಕಿ ಹಿಡಿದು ದಿಕ್ಕು ತೋಚದೆ ನಿಂತ. ಗಲ್ಲಾಪೆಟ್ಟಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶೇಷಾದ್ರಿಯವರನ್ನು ಕೂರಿಸಿ, ಜಯಂತಿ ಸ್ಟೀಲ್ ಲೋಟದ ತುಂಬ ನೀರು ತಂದುಕೊಟ್ಟರು. ಮಂದಾಕಿನಿ ಕಾರಿನಿಂದ ನಿಧಾನವಾಗಿ ಇಳಿದು, ಕುಂಟುತ್ತ ಒಳಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. "ನಂಗೂ ಒಂದ್ ಲೋಟ ಕೊಡಮ್ಮ," ಅಂದರು.

ಶೇಷಾದ್ರಿಯವರು ಒಂದು ಗುಟುಕು ಕುಡಿದರು. ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡರು. ಜಯಂತಿ ಎದುರಿಗೆ ನಿಂತು ಕಾಯುತ್ತಿದ್ದರು. ಆ ಮಾತು ಹೇಳಿದರೆ ಎದ್ದು ಹೊರಡಬೇಕಿತ್ತು, ಶೇಷಾದ್ರಿಯವರು ಕುರ್ಚಿಗೆ ಬೆನ್ನು ಆನಿಸಿದರು. ಹೊರಗೆ ಮೊದಲು ಪೈಲಟ್ ಜೀಪಿನ ಇಂಜಿನ್ ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಅವರ ಕಾರಿನದೂ ನಿಂತಿತು. ಲೋಟದಲ್ಲಿ ನೀರು ಇನ್ನೂ ಮುಕ್ಕಾಲು ಪಾಲು ಇತ್ತು.